ಬಿಡು ಎನ್ನುವವರು, ಜೊತೆಗೆ ಬಿಡುವವರು: ಧೂಮಪಾನ ತ್ಯಜಿಸುವಲ್ಲಿ ಒಡನಾಡಿಗಳ ಪಾತ್ರ

ಸಿಗರೇಟು, ಬೀಡಿ ಬಿಡಲು ಹೊರಟವರಿಗೆ ಸುತ್ತಲಿನವರ ಬೆಂಬಲ ಬೇಕೆಂಬ ಮಾತಿಗೆ ಯಾರ ತಕರಾರೂ ಇಲ್ಲ. ಎಂಥ ಬೆಂಬಲ ಎಂದು ಕೇಳಿದರೆ ಮಾತ್ರ ಸಂಶೋಧನೆಗಳು ಎರಡು ದಾರಿ ಹಿಡಿಯುತ್ತವೆ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಹೃದಯ ಅಧ್ಯಯನದ 12,067 ಜನರ ಸಂಬಂಧಜಾಲವನ್ನು 1971ರಿಂದ 2003ರವರೆಗೆ ಗಮನಿಸಿದ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್, 2008ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಗಂಡ ಅಥವಾ ಹೆಂಡತಿ ಸಿಗರೇಟು ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ಶೇ. 67ರಷ್ಟು, ಗೆಳೆಯ ಬಿಟ್ಟರೆ ಶೇ. 36ರಷ್ಟು, ಸಣ್ಣ ಸಂಸ್ಥೆಯ ಸಹೋದ್ಯೋಗಿ ಬಿಟ್ಟರೆ ಶೇ. 34ರಷ್ಟು ತಗ್ಗುತ್ತಿತ್ತು. ಜನ ಗುಂಪುಗುಂಪಾಗಿ ಬಿಡುತ್ತಿದ್ದರು. ಇದು ವೀಕ್ಷಣಾ ಅಧ್ಯಯನ. ಒಂದೇ ಮನೋಭಾವದವರು ಗೆಳೆಯರಾಗುವುದೂ ಉಂಟು, ಒಂದೇ ಕಾರಣಕ್ಕೆ ಇಬ್ಬರೂ ಬಿಡುವುದೂ ಉಂಟು ಎಂಬ ಆಕ್ಷೇಪ ನ್ಯಾಯವಾದದ್ದೇ.

ಇದಕ್ಕೆ ಎದುರಾಗಿ, ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡುವ ಕೊಕ್ರೇನ್ ಸಂಸ್ಥೆಯ 2018ರ ವಿಮರ್ಶೆಯಿದೆ. ಸಂಗಾತಿ, ನೆಂಟರು, ಗೆಳೆಯರಿಗೆ 'ಹೀಗೆ ಬೆಂಬಲ ಕೊಡಿ' ಎಂದು ಕಲಿಸಿದ 14 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಬಿಟ್ಟವರ ಪ್ರಮಾಣ ಅದರಿಂದ ಹೆಚ್ಚಿದ್ದು ಕಾಣಲಿಲ್ಲ. ಅಷ್ಟು ಹತ್ತಿರದವರ ಕಾಳಜಿ ಯಾಕೆ ಫಲ ಕೊಡಲಿಲ್ಲ? ಅನೇಕ ಪ್ರಯೋಗಗಳಲ್ಲಿ ತರಬೇತಿಯ ನಂತರವೂ ಮನೆಯವರ ನಡವಳಿಕೆ ಬದಲಾದದ್ದಕ್ಕೆ ಆಧಾರ ಸಿಗಲಿಲ್ಲ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಫ್ರಾಮಿಂಗ್‌ಹ್ಯಾಮ್‌ನಲ್ಲೇ ಇದೆ ಎಂದು ನನಗೆ ತೋರುತ್ತದೆ. ಅಲ್ಲಿ ಪ್ರಭಾವ ಬೀರಿದವರು ಬುದ್ಧಿ ಹೇಳಿದವರಲ್ಲ, ತಾವೂ ಬಿಟ್ಟವರು.

ನಿಕೋಟಿನ್ ನಿಂತ ಮೊದಲ ವಾರ ಅತಿ ಕಠಿಣ. ಸಿಡುಕು, ನಿದ್ರೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಎರಡರಿಂದ ನಾಲ್ಕು ವಾರ ಕಾಡಬಹುದು. ಮನೆಯವರಿಗೆ ಕಾಣುವುದು ಬಿಟ್ಟವನ ಕೋಪ. ಅದೇ ವಾರ ತಾನೂ ಬಿಟ್ಟವನಿಗೆ ಮಾತ್ರ ಅದು ಮೂರನೆಯ ದಿನದ ಸಂಕಟವೆಂದು ಗೊತ್ತಾಗುತ್ತದೆ. 'ನಂಗೂ ಹಿಂಗೇ ಆಗ್ತಿದೆ, ಇವತ್ತೊಂದಿನ ತಡಿ' ಎನ್ನಬಲ್ಲ. ಶೆಲ್ಡನ್ ಕೊಹೆನ್ ಮತ್ತು ಎಡ್ವರ್ಡ್ ಲಿಕ್ಟೆನ್‌ಸ್ಟೈನ್ 1990ರಲ್ಲಿ ತೋರಿಸಿದ್ದೂ ಇದಕ್ಕೆ ಹೊಂದುತ್ತದೆ. ಸಂಗಾತಿಯ ಮೆಚ್ಚುಗೆ ಎಷ್ಟು, ಕೊಂಕು-ಗೊಣಗಾಟ ಎಷ್ಟು ಎಂಬ ಅನುಪಾತವೇ ಮುಂದಿನ ಫಲವನ್ನು ಸೂಚಿಸುತ್ತಿತ್ತು.

ಗುಂಪಿನಲ್ಲಿ ಬಿಡಿಸುವ ಕಾರ್ಯಕ್ರಮಗಳ ಫಲಿತಾಂಶ ಇನ್ನೂ ಗಟ್ಟಿ. 2017ರ ಕೊಕ್ರೇನ್ ವಿಮರ್ಶೆಯಲ್ಲಿ, ಕೈಪಿಡಿ ನೋಡಿಕೊಂಡು ತಾವೇ ಪ್ರಯತ್ನಿಸಿದವರಿಗಿಂತ ಗುಂಪು ಸೇರಿದವರು ಯಶಸ್ವಿಯಾದ ಪ್ರಮಾಣ ಹತ್ತಿರಹತ್ತಿರ ಇಮ್ಮಡಿ (13 ಪ್ರಯೋಗ, 4,395 ಜನ). ಆದರೆ ಒಬ್ಬೊಬ್ಬರಿಗೇ ಕೊಡುವ ಆಪ್ತಸಲಹೆಗಿಂತ ಗುಂಪು ಮೇಲೆಂದು ಸಾಬೀತಾಗಿಲ್ಲ. ಅಲ್ಲದೆ ಇವು ತರಬೇತಾದವರು ನಡೆಸಿದ ಗುಂಪುಗಳು, ಬರಿಯ ಹರಟೆಕೂಟಗಳಲ್ಲ.

ಈ ತಿಳಿವಳಿಕೆಯನ್ನು ನಮ್ಮಲ್ಲಿಗೆ ತರುವಾಗ ಒಂದು ವ್ಯತ್ಯಾಸವನ್ನು ಮರೆಯಬಾರದು. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದಲ್ಲಿ ಧೂಮಪಾನ ಮಾಡುವ ಗಂಡಸರು ಶೇ. 19, ಹೆಂಗಸರು ಶೇ. 2. ಹಾಗಾಗಿ ಇಲ್ಲಿ ದಂಪತಿ ಜೊತೆಯಾಗಿ ಬಿಡುವ ಸಂದರ್ಭವೇ ವಿರಳ. ಹೆಂಡತಿಯ ಪಾಲಿಗೆ ಉಳಿಯುವುದು ಬೇಡಿಕೊಳ್ಳುವುದು ಅಥವಾ ಗದರುವುದು. ಗಂಡ ಬಿಡದಿದ್ದರೆ ಆ ಸೋಲನ್ನೂ ಅವಳ ತಲೆಗೆ ಕಟ್ಟುತ್ತೇವೆ. ಇದು ಅನ್ಯಾಯ. ಇಲ್ಲಿ ನಿಜವಾದ ಜೊತೆಗಾರರು ಇರುವುದು ಚಹಾ ಅಂಗಡಿಯ ಮುಂದೆ, ಬೈಟು ಟೀ ಹಂಚಿಕೊಂಡು ಒಂದೇ ಸಿಗರೇಟನ್ನು ಕೈಯಿಂದ ಕೈಗೆ ದಾಟಿಸುವ ನಾಲ್ಕೈದು ಜನರಲ್ಲಿ. ಅವರಲ್ಲೊಬ್ಬ ಒಂಟಿಯಾಗಿ ಬಿಟ್ಟರೆ ಆ ಕೂಟವನ್ನೂ ಕಳೆದುಕೊಳ್ಳುತ್ತಾನೆ. 'ಒಂದೇ ಒಂದು ದಮ್ಮು' ಎಂಬ ಗೆಳೆಯನ ಕರೆಗೆ ಹೆಚ್ಚಿನವರು ಸೋಲುವುದು ಈ ಒಂಟಿತನದ ಹೊತ್ತಿನಲ್ಲೇ ಎಂದು ನಾನು ಭಾವಿಸುತ್ತೇನೆ.

ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ; ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲೊಂದು. ಕರೆ ಮಾಡಿದವರಿಗೆ ಅಲ್ಲಿನ ಸಲಹೆಗಾರರು ಬಿಡುವ ದಿನ ಗೊತ್ತುಮಾಡಲು ನೆರವಾಗುತ್ತಾರೆ. ಈ ದಿನವನ್ನು ಒಬ್ಬನ ಬದಲು ಇಡೀ ಚಹಾ ಕೂಟಕ್ಕೆ ಗೊತ್ತುಮಾಡಿದರೆ ಏನಾಗುತ್ತದೆ ಎಂಬುದನ್ನು ಪ್ರಯೋಗಕ್ಕೆ ಒಡ್ಡಬೇಕು. ಅಂಥ ಅಧ್ಯಯನದಲ್ಲಿ ಯಾದೃಚ್ಛಿಕವಾಗಿ ಆಯಬೇಕಾದ ಘಟಕ ವ್ಯಕ್ತಿಯಲ್ಲ, ಕೂಟ. ಆರು ತಿಂಗಳ ಕೊನೆಗೆ ಎಷ್ಟು ಜನ ಬಿಟ್ಟರು ಎಂಬುದರ ಜೊತೆಗೆ, ಆ ಗೆಳೆಯರು ಈಗಲೂ ಒಟ್ಟಿಗೆ ಚಹಾ ಕುಡಿಯುತ್ತಿದ್ದಾರೆಯೇ ಎಂಬುದನ್ನೂ ದಾಖಲಿಸಬೇಕು.