ಮುಗಿಲಿನಿಂದ ಕಂಡ ಹೊಗೆ



ಹೆಬ್ಬಾಳ ದಾಟಿ ಯಲಹಂಕದ ಕಡೆ ಹೊರಟರೆ ಎಡಗಡೆಗೆ ಸಹಕಾರನಗರ. ಅದರ ಮಗ್ಗುಲಲ್ಲೇ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಹೊಲಗಳು. ಕೃಷಿಮೇಳಕ್ಕೆ ಬಂದವರಿಗೆ ಈ ದಾರಿ ಗೊತ್ತೇ ಇದೆ. ಇಲ್ಲಿಂದ ಪಶ್ಚಿಮಕ್ಕೆ, ಯಶವಂತಪುರದ ಆಚೆ, ಪೀಣ್ಯ. ಇವತ್ತಿನ ಕಥೆ ಶುರುವಾಗೋದು ಅಲ್ಲಿಯ ಕೈಗಾರಿಕಾ ಶೆಡ್ಡುಗಳಲ್ಲಿ.

ಉಡುಪಿ ಸೀಮೆಯ ಅದಮಾರಿನವರಾದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಆ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದಕ್ಕೆ ನೆಲ ನೋಡುವ ಕಣ್ಣಿರಲಿಲ್ಲ. 1979ರ ಭಾಸ್ಕರನಿಗೆ ಕ್ಯಾಮೆರಾ ಇತ್ತು; ಆದರೆ ಒಂದು ಕಿಲೋಮೀಟರ್ ನೆಲ ಅದಕ್ಕೆ ಒಂದೇ ಚುಕ್ಕೆ. ನಿಮ್ಮ ಹೊಲ, ನೆರೆಯವರ ಹೊಲ, ನಡುವಿನ ಕೆರೆ, ಎಲ್ಲಾ ಒಂದೇ ಚುಕ್ಕೆಯೊಳಗೆ! 1988ರ ಐ.ಆರ್.ಎಸ್.-1ಎ ಬಂದಮೇಲೆ ಆ ಚುಕ್ಕೆ 36 ಮೀಟರಿಗೆ ಇಳಿಯಿತು.

ಇದರಿಂದ ನಮಗೇನು ಅಂತ ಕೇಳ್ತೀರಿ. ಗುಂಡ್ಲುಪೇಟೆ ಕಡೆಯವರನ್ನು ಕೇಳಿ, ಹೇಳ್ತಾರೆ.

2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ಎಲೆ ಉದುರಿಸಿ ನಿಂತ ಮರಗಳು, ಕೆಳಗೆ ಒಣಹುಲ್ಲು, ಒತ್ತಾಗಿ ಬೆಳೆದ ಲಂಟಾನ, ಮೇಲೆ ಬೀಸುಗಾಳಿ. ಹಸಿಸೊಪ್ಪು ಹಿಡಿದು ಬಡಿದವರ ಕೈ ಸೋತಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿದವು. ಎಷ್ಟು ಕಾಡು ಸುಟ್ಟಿತು ಅಂದರೆ ಬಾಯಿಗೊಂದು ಲೆಕ್ಕ. ಆಗ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಉಪಗ್ರಹದ ಚಿತ್ರ ನೋಡಿ ಕೊಟ್ಟ ಲೆಕ್ಕ ಸುಮಾರು 10,920 ಎಕರೆ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಚಿಮ್ಮಿಸುತ್ತೆ. ಕರಿಬೂದಿ ಅದನ್ನು ನುಂಗಿಬಿಡುತ್ತೆ. ಬೆಂಕಿಗೆ ಮುಂಚಿನ ಚಿತ್ರ, ಆಮೇಲಿನ ಚಿತ್ರ ಎರಡನ್ನೂ ಜೋಡಿಸಿ ನೋಡಿದರೆ ಸುಟ್ಟ ಜಾಗದ ಅಂಚು ಎದ್ದು ಕಾಣುತ್ತೆ.

ಹೊಗೆಗೂ ಧೂಳಿಗೂ ಬಣ್ಣ ಬೇರೆ. ಹೊಗೆ ನೀಲಿಬಿಳುಪು, ಒಂದು ಮೂಲೆಯಿಂದ ಹೊರಟು ಗಾಳಿ ಹೋದತ್ತ ಬಾಲ ಬಿಡುತ್ತೆ. ಮರಳುಗಾಡಿನ ಧೂಳು ಕಂದು ಹಳದಿ, ಚಾಪೆಯಂತೆ ಅಗಲ. 2022ರ ಜನವರಿಯಲ್ಲಿ ಅಂಥ ಧೂಳು ಅರಬ್ಬಿ ಸಮುದ್ರದ ಮೇಲೆ ಹಾದು ಮುಂಬಯಿವರೆಗೆ ಬಂದದ್ದನ್ನು ಉಪಗ್ರಹಗಳು ಕಂಡವು.

ಹಾಗಂತ ಇದನ್ನೇ ನಂಬಿ ಕೂರೋ ಹಾಗಿಲ್ಲ. ನಮ್ಮ ಇನ್ಸಾಟ್ ಉಪಗ್ರಹ ಒಂದೇ ಕಡೆ ನಿಂತಂತೆ ಇದ್ದು ಅರ್ಧ ಗಂಟೆಗೊಂದು ಚಿತ್ರ ಕೊಡುತ್ತೆ ನಿಜ, ಆದರೆ ಶಾಖ ನೋಡುವಾಗ ಅದರ ಒಂದು ಚುಕ್ಕೆ ನಾಲ್ಕು ಕಿಲೋಮೀಟರು. ಸಣ್ಣ ಬೆಂಕಿ ಅದರಲ್ಲಿ ಕರಗಿಹೋಗುತ್ತೆ. ಅಮೆರಿಕದ ಸುವೋಮಿ ಎನ್ನುವ ಉಪಗ್ರಹ 375 ಮೀಟರಿನ ಚುಕ್ಕೆಯಲ್ಲಿ ಬೆಂಕಿಯ ಕಾವು ಹಿಡಿಯುತ್ತೆ. ಆದರೆ ಅದು ನಮ್ಮ ತಲೆಯ ಮೇಲೆ ಹಾಯುವುದು ಹಗಲು ಸುಮಾರು ಒಂದೂವರೆಗೆ, ಮತ್ತೆ ರಾತ್ರಿ ಒಂದೂವರೆಗೆ. ಇಂಥ ಚಿತ್ರಗಳಲ್ಲಿ ಕಂಡ ಕಾವಿನ ಸುದ್ದಿಯನ್ನು ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಫೋನಿನ ಸಂದೇಶವಾಗಿ ಕಳಿಸುತ್ತಾರೆ. ಹೆಸರು ನೋಂದಾಯಿಸಿದರೆ ನಿಮಗೂ ಬರುತ್ತೆ.

ಈಗ ಲೆಕ್ಕ ಹಾಕಿ. ಬದುವಿನ ಕಸಕ್ಕೆ ಮಧ್ಯಾಹ್ನ ಮೂರಕ್ಕೆ ಇಟ್ಟ ಕಡ್ಡಿ ಗಾಳಿಗೆ ಸಿಕ್ಕಿ ಕಾಡಂಚಿಗೆ ಹಾರಿತು ಅನ್ನಿ. ಸುವೋಮಿ ಮತ್ತೆ ಬರೋದು ನಡುರಾತ್ರಿ ಕಳೆದ ಮೇಲೆ. ಅಷ್ಟು ಹೊತ್ತೂ ಆ ಹೊಗೆಯನ್ನು ಕಾಣೋರು ದನ ಹೊಡಕೊಂಡು ಬರೋ ಹುಡುಗ, ಇಲ್ಲವೇ ಹಿತ್ತಲಲ್ಲಿ ಬಟ್ಟೆ ಒಣಹಾಕೋ ನೀವು.