ಮಾಳಿಗೆ ಏರಿದ ಆಂಟೆನಾ: ಕಲಬುರಗಿಯಿಂದ ಸುವೈಕ್‌ವರೆಗೆ



ಅಮೆರಿಕದಲ್ಲಿರುವ ನಮ್ಮ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. "ಮೇಡಂ, ಕೇಬಲ್ ಬಿಲ್ಲು ಕಟ್ಟಿ ಸಾಕಾಯ್ತು. ಆಂಟೆನಾ ಹಾಕಿದರೆ ಎಚ್‌ಡಿ ಚಾನೆಲ್‌ಗಳು ಪುಕ್ಕಟೆ ಬರುತ್ತವಂತೆ. ಯಾವುದನ್ನು ತಗೋಬೇಕು, ಎಲ್ಲಿ ಇಡಬೇಕು?" ನಾನು ಓದಿದ್ದು ಕನ್ನಡ ಎಂ.ಎ. ಎಂಜಿನಿಯರಿಂಗ್ ಅಲ್ಲ. ಆದರೆ ಈ ಪ್ರಶ್ನೆಯ ಉತ್ತರ ಅಂಗಡಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಇತಿಹಾಸದಲ್ಲಿದೆ ಎಂದು ನನಗನ್ನಿಸುತ್ತದೆ. ಆ ಇತಿಹಾಸದಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳ ಹೆಸರೂ ಇದೆ.

ಒಮ್ಮೆ ಯೋಚಿಸಿ ನೋಡಿ. ಟಿವಿ ಪೆಟ್ಟಿಗೆ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಕಾರ್ಯಕ್ರಮ ದೂರದ ಸ್ಟುಡಿಯೋದಲ್ಲಿ ತಯಾರಾಗುತ್ತದೆ. ಇವೆರಡರ ನಡುವೆ ಮನೆಯವರು ತಮ್ಮ ಕೈಯಾರೆ ನಿಲ್ಲಿಸಿ, ತಿರುಗಿಸಿ, ಬಿಗಿದು ಕಟ್ಟಬೇಕಾಗಿದ್ದ ವಸ್ತು ಒಂದೇ ಒಂದು, ಆಂಟೆನಾ. ಹಾಗಾಗಿ ಟಿವಿಯ ಚರಿತ್ರೆಯಲ್ಲಿ ಜನಸಾಮಾನ್ಯರ ಪಾಲು ಎಷ್ಟು ಎಂದು ಹುಡುಕುವವರು ಮಾಳಿಗೆ ಹತ್ತಲೇಬೇಕು.

ಮೀನಿನ ಮುಳ್ಳಿನ ಆಕಾರದ ಆ ಅಲ್ಯೂಮಿನಿಯಂ ಆಂಟೆನಾ ಹುಟ್ಟಿದ್ದು ಜಪಾನಿನ ಸೆಂಡಾಯ್ ಪಟ್ಟಣದಲ್ಲಿ. ಅಲ್ಲಿನ ತೋಹೊಕು ವಿಶ್ವವಿದ್ಯಾಲಯದ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಎಂಬಿಬ್ಬರು 1926ರಲ್ಲಿ ಇದರ ಬಗ್ಗೆ ಮೊದಲು ಪ್ರಕಟಿಸಿದರು. ಪ್ರಯೋಗಗಳ ಬಹುಪಾಲು ದುಡಿಮೆ ಉದಾ ಅವರದು. ಆದರೆ 1928ರಲ್ಲಿ ಇಂಗ್ಲಿಷಿನಲ್ಲಿ ಬರೆದವರು ಯಾಗಿ. ಹಾಗಾಗಿ ಜಗತ್ತಿನ ಬಾಯಲ್ಲಿ ಉಳಿದದ್ದು "ಯಾಗಿ ಆಂಟೆನಾ". ದುಡಿದವರ ಹೆಸರು ಹಿಂದಕ್ಕೆ ಸರಿಯುವುದು ಎಲ್ಲ ಕಾಲಕ್ಕೂ ಇದ್ದದ್ದೇ.

ವಿಚಿತ್ರವೆಂದರೆ ಜಪಾನಿನಲ್ಲೇ ಇದನ್ನು ಹೆಚ್ಚು ಜನ ಗಮನಿಸಲಿಲ್ಲ. 1942ರಲ್ಲಿ ಸಿಂಗಾಪುರ ಜಪಾನಿಗರ ವಶವಾದಾಗ, ಅಲ್ಲಿ ಸಿಕ್ಕ ಬ್ರಿಟಿಷ್ ರೇಡಾರ್ ಟಿಪ್ಪಣಿಯಲ್ಲಿ "ಯಾಗಿ" ಎಂಬ ಪದ ಮತ್ತೆ ಮತ್ತೆ ಬಂದಿತ್ತು. ಅದರ ಅರ್ಥವೇನೆಂದು ಜಪಾನಿ ಅಧಿಕಾರಿಗಳು ಸೆರೆಸಿಕ್ಕ ಬ್ರಿಟಿಷ್ ಸೈನಿಕನನ್ನು ಕೇಳಿದರು. ಅದನ್ನು ಕಂಡುಹಿಡಿದ ಜಪಾನಿನವರ ಹೆಸರೇ ಅದು ಎಂದು ಅವನು ಹೇಳಬೇಕಾಯಿತು! ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. 1950ರ ದಶಕದಲ್ಲಿ ಉದಾ ಅವರು ಕೆಲವು ವರ್ಷ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದರು. ಅದೇ ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಭಾರತದ ಟಿವಿ ಪ್ರಸಾರ ಶುರುವಾಯಿತು.

ಈಗ ನಮ್ಮ ನಾಡಿಗೆ ಬರೋಣ. ಕರ್ನಾಟಕಕ್ಕೆ ಟಿವಿ ಮೊದಲು ಬಂದದ್ದು ಎಲ್ಲಿಗೆ ಎಂದು ಕೇಳಿದರೆ ಹೆಚ್ಚಿನವರು ಬೆಂಗಳೂರು ಎನ್ನುತ್ತಾರೆ. ಅಲ್ಲ. ಅದು ಬಂದದ್ದು ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ "ಸೈಟ್" ಪ್ರಯೋಗ ಅದು. ವಿಕ್ರಮ್ ಸಾರಾಭಾಯ್ ಕಂಡ ಕನಸು. 1971ರಲ್ಲಿ ತೀರಿಹೋದ ಅವರು ಅದನ್ನು ನೋಡಲಿಲ್ಲ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಬಳಸಲು ಕೊಟ್ಟಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳ ಶಾಲೆಗಳಲ್ಲಿ, ಪಂಚಾಯಿತಿ ಕಟ್ಟೆಗಳಲ್ಲಿ ಟಿವಿ ಇಟ್ಟರು. ದಿನಕ್ಕೆ ನಾಲ್ಕು ತಾಸು ಪ್ರಸಾರ. ಆಂಧ್ರ ಮತ್ತು ಕರ್ನಾಟಕದ ಹಳ್ಳಿಗಳಿಗೆ ಚಿತ್ರ ಒಂದೇ, ಧ್ವನಿ ಮಾತ್ರ ಎರಡು. ಆ ಕಡೆ ತೆಲುಗು, ಈ ಕಡೆ ಕನ್ನಡ.

ಆ ಟಿವಿಗಳಿಗೆ ಹಾಕಿದ್ದ ಆಂಟೆನಾ ಯಾವುದು ಗೊತ್ತೇ? ಕೋಳಿಗೂಡಿಗೆ ಹಾಕುವ ತಂತಿಬಲೆ! ಸುಮಾರು ಮೂರು ಮೀಟರ್ ಅಗಲದ ಬೋಗುಣಿಯ ಆಕಾರದಲ್ಲಿ ಬಲೆಯನ್ನು ಬಿಗಿದು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದ್ದರು. ತೂತಿನ ಬಲೆ ಅಲೆಯನ್ನು ಹೇಗೆ ಹಿಡಿಯುತ್ತದೆ ಎಂದು ಆಶ್ಚರ್ಯವಾಗಬಹುದು. ಉಪಗ್ರಹದ ಪ್ರಸಾರ ಇದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ದೊಡ್ಡ ಅಲೆಗೆ ಬಲೆಯ ಸಣ್ಣ ತೂತುಗಳು ಲೆಕ್ಕಕ್ಕೇ ಇಲ್ಲ, ಅದರ ಪಾಲಿಗೆ ಬಲೆಯೂ ಗೋಡೆಯೇ. ಗಾಳಿ ಮಾತ್ರ ಬಲೆಯೊಳಗಿಂದ ತೂರಿ ಹೋಗುತ್ತದೆ. ತೂಕ ಕಡಿಮೆ, ಬೆಲೆಯೂ ಕಡಿಮೆ, ಬಿರುಗಾಳಿಗೆ ಬೀಳುವ ಭಯವೂ ಕಡಿಮೆ. ಆಂಟೆನಾ ಆಯ್ಕೆಯ ಮೊದಲ ಪಾಠ ಇಲ್ಲೇ ಇದೆ. ಅದರ ಚಂದ, ಹೊಳಪು ಮುಖ್ಯವಲ್ಲ, ಬರುವ ಅಲೆಗೆ ಅದು ತಕ್ಕುದಾಗಿರಬೇಕು ಅಷ್ಟೇ.

ವರ್ಷ ಮುಗಿಯಿತು, ಉಪಗ್ರಹ ಹೋಯಿತು. ತೋರಿಸಿ ಕಿತ್ತುಕೊಂಡಂತೆ ಆಗಬಾರದೆಂದು 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರು ದೂರದರ್ಶನಕ್ಕೆ 1981ರ ನವೆಂಬರ್ 1ರವರೆಗೆ ಕಾಯಬೇಕಾಯಿತು. "ಹಿಂದುಳಿದ ಪ್ರದೇಶ" ಎಂದು ಕರೆಸಿಕೊಳ್ಳುತ್ತಿದ್ದ ನಮ್ಮ ಭಾಗ ಈ ಒಂದು ವಿಷಯದಲ್ಲಿ ರಾಜಧಾನಿಗಿಂತ ಆರು ವರ್ಷ ಮುಂದಿತ್ತು!

ನನ್ನ ತವರು ಚಿತ್ತಾಪುರದ ಕಡೆ. ಅಲ್ಲಿನ ಮನೆಗಳದು ಶಹಾಬಾದ್ ಫರಸಿ ಹಾಸಿದ ಸಮತಟ್ಟು ಮಾಳಿಗೆ, ಆಂಟೆನಾ ನಿಲ್ಲಿಸಲು ಹೇಳಿ ಮಾಡಿಸಿದಂಥದು. ಇನ್‌ಸ್ಯಾಟ್-1ಬಿ ಉಪಗ್ರಹ 1983ರ ಆಗಸ್ಟಿನಲ್ಲಿ ಮೇಲೇರಿದ ಮೇಲೆ, ಅದರ ನಿಯಂತ್ರಣ ನಮ್ಮ ಹಾಸನದಿಂದಲೇ ನಡೆಯಿತು. ದೇಶದ ತುಂಬ ಸಣ್ಣ ಸಣ್ಣ ಪ್ರಸಾರ ಕೇಂದ್ರಗಳು ಎದ್ದವು. 1987ರಲ್ಲಿ ರಾಮಾಯಣ ಶುರುವಾಗುವ ಹೊತ್ತಿಗೆ ನಮ್ಮ ಓಣಿಯಲ್ಲಿ ಟಿವಿ ಇದ್ದ ಮನೆಗಳನ್ನು ಮಾಳಿಗೆ ನೋಡಿಯೇ ಎಣಿಸಬಹುದಿತ್ತು. ಭಾನುವಾರ ಬೆಳಿಗ್ಗೆ ಗಾಳಿ ಬೀಸಿತೋ, ಕಾಗೆ ಕೂತಿತೋ, ಒಬ್ಬರು ಮಾಳಿಗೆ ಮೇಲೆ, ಒಬ್ಬರು ಅಂಗಳದಲ್ಲಿ, ಒಬ್ಬರು ಟಿವಿ ಮುಂದೆ. "ಬಂತೇನ್ರೀ?" "ಇಲ್ಲವಾ, ಬರೇ ಅಕ್ಕಿ ಕಾಳು ಬರಾಕತ್ತ್ಯಾವ!" "ಈಗ?" "ಬಂತ್ ಬಂತ್, ಹಂಗೇ ಹಿಡೀರಿ... ಹೋತು!"

ನಗು ಬರುತ್ತದೆ ನಿಜ. ಆದರೆ ಅದರಲ್ಲಿ ಕಲಿಕೆಯೂ ಇತ್ತು. ಪ್ರಸಾರ ಗೋಪುರ ಯಾವ ದಿಕ್ಕಿಗಿದೆ ಎಂದು ಓಣಿಗೆ ಓಣಿಗೇ ಗೊತ್ತಿತ್ತು. ಹೊಸದಾಗಿ ಟಿವಿ ತಂದವರು ಪಕ್ಕದ ಮಾಳಿಗೆ ನೋಡಿ ತಮ್ಮದನ್ನು ತಿರುಗಿಸುತ್ತಿದ್ದರು. ಹಿಂದಿನ ಉದ್ದ ಕಡ್ಡಿ ಅಲೆಯನ್ನು ತಡೆದು ಮುಂದಕ್ಕೆ ದೂಡುತ್ತದೆ, ತಂತಿ ಜೋಡಿಸಿದ ಕಡ್ಡಿ ಅದನ್ನು ಹಿಡಿಯುತ್ತದೆ, ಮುಂದಿನ ಗಿಡ್ಡ ಕಡ್ಡಿಗಳು ದಾರಿ ತೋರಿಸುತ್ತವೆ ಎಂಬ ಸೂತ್ರವನ್ನು ಯಾರೂ ಓದಿರಲಿಲ್ಲ. ಆದರೆ ಗಿಡ್ಡ ಕಡ್ಡಿಯ ಕಡೆಯೇ ಗೋಪುರದತ್ತ ಇರಬೇಕೆಂದು ಶಾಲೆ ಮೆಟ್ಟಿಲು ಹತ್ತದ ನಮ್ಮ ಅಜ್ಜಿಗೂ ಗೊತ್ತಿತ್ತು.

ನಾನೀಗ ಇರುವ ಒಮಾನಿನ ಕಥೆ ಇನ್ನೊಂದು ಬಗೆ. ಇಲ್ಲಿ ಟಿವಿ ಶುರುವಾದದ್ದು 1974ರ ನವೆಂಬರಿನಲ್ಲಿ, ಮಸ್ಕತ್‌ನಲ್ಲಿ. ಮರುವರ್ಷ ಸಲಾಲಾದಲ್ಲಿ. ಶುರುವಿನಿಂದಲೇ ಬಣ್ಣದ ಪ್ರಸಾರ. ಭಾರತಕ್ಕೆ ಬಣ್ಣ ಬಂದದ್ದು 1982ರಲ್ಲಿ. ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ದುಡಿಯಲು ಬಂದ ನಮ್ಮವರು ಊರಿನವರಿಗಿಂತ ಮೊದಲೇ ಬಣ್ಣದ ಟಿವಿ ನೋಡಿದ್ದರು.

ಸುವೈಕ್ ಇರುವುದು ಬಾತಿನಾ ಕರಾವಳಿಯಲ್ಲಿ. ಒಂದು ಕಡೆ ಒಮಾನ್ ಸಮುದ್ರ, ಇನ್ನೊಂದು ಕಡೆ ದೂರದಲ್ಲಿ ಹಜರ್ ಬೆಟ್ಟಸಾಲು. ಬೇಸಿಗೆಯಲ್ಲಿ ಸಮುದ್ರದ ಮೇಲೆ ತೇವದ ಗಾಳಿ, ಅದರ ಮೇಲೆ ಒಣ ಬಿಸಿ ಗಾಳಿ ಪದರ ಕಟ್ಟಿಕೊಂಡಾಗ ಅಲೆಗಳು ನಡುವೆ ಸಿಕ್ಕಿ, ಕೊಳವೆಯಲ್ಲಿ ಹರಿದಂತೆ ನೂರಾರು ಕಿಲೋಮೀಟರ್ ಹೋಗುತ್ತವೆ. ದಿಗಂತದಾಚೆಯ ಕೇಂದ್ರಗಳೂ ಆಗ ಹಿಡಿಯಲು ಸಿಗುತ್ತವೆ.

ಇಂದು ಸುವೈಕ್‌ನ ಮಾಳಿಗೆಗಳ ಮೇಲೆ ಡಿಶ್‌ಗಳದೇ ರಾಜ್ಯ. ಅವುಗಳ ಮುಖ ನೋಡಿದರೆ ಒಳಗಿರುವವರು ಯಾವ ಊರಿನವರೆಂದು ಊಹಿಸಬಹುದು. ಅರಬ್ ಉಪಗ್ರಹಗಳಿಗೆ ತಿರುಗಿದ ಡಿಶ್ ನೈಋತ್ಯಕ್ಕೋ ಪಶ್ಚಿಮಕ್ಕೋ ಇರುತ್ತದೆ. ಭಾರತದ ಉಪಗ್ರಹಕ್ಕೆ ತಿರುಗಿದ್ದು ಆಗ್ನೇಯಕ್ಕೆ. ನಮ್ಮ ಕರ್ನಾಟಕ ಇರುವುದೂ ಆ ಕಡೆಯೇ.

ಇಷ್ಟು ಹೇಳಿದ ಮೇಲೆ ಕೇಳುಗರ ಪ್ರಶ್ನೆಗೆ ಉತ್ತರ ಸುಲಭ. ಅಮೆರಿಕದಲ್ಲಿ ದೊಡ್ಡ ಕೇಂದ್ರಗಳ ಹಳೆಯ ಅನಲಾಗ್ ಪ್ರಸಾರ ನಿಂತದ್ದು 2009ರ ಜೂನ್ 12ರಂದು, ಬ್ರಿಟನ್ನಿನಲ್ಲಿ 2012ರಲ್ಲಿ. ಈಗ ಗಾಳಿಯಲ್ಲಿ ಬರುವುದೆಲ್ಲ ಡಿಜಿಟಲ್, ಅದರಲ್ಲಿ ಬಹಳಷ್ಟು ಎಚ್‌ಡಿ. ಆದರೆ "ಎಚ್‌ಡಿ ಆಂಟೆನಾ" ಎಂಬ ಬೇರೆ ಜಾತಿಯೇ ಇಲ್ಲ. ಚಿತ್ರ ಸ್ಪಷ್ಟವೋ ಮಸುಕೋ ಆಂಟೆನಾಕ್ಕೆ ತಿಳಿಯದು. ಅದಕ್ಕೆ ಗೊತ್ತಿರುವುದು ಅಲೆಯ ಉದ್ದ ಮಾತ್ರ. ಹಾಗಾಗಿ ಡಬ್ಬದ ಮೇಲಿನ ದೊಡ್ಡಕ್ಷರ ನೋಡಿ ದುಡ್ಡು ಸುರಿಯಬೇಡಿ, ಈ ನಾಲ್ಕು ವಿಷಯ ನೋಡಿ.

ಮೊದಲನೆಯದು ಅಳತೆ. ಹಿಡಿಯುವ ಕಡ್ಡಿ ಅಲೆಯ ಅರ್ಧ ಉದ್ದವಿರಬೇಕು. 500 ಮೆಗಾಹರ್ಟ್ಸ್ ಯುಎಚ್‌ಎಫ್ ಅಲೆಗೆ ಸುಮಾರು 30 ಸೆಂಟಿಮೀಟರ್ ಸಾಕು. 200 ಮೆಗಾಹರ್ಟ್ಸ್ ವಿಎಚ್‌ಎಫ್‌ಗೆ 75 ಸೆಂಟಿಮೀಟರ್ ಬೇಕು. ಅಮೆರಿಕದಲ್ಲಿ ಎರಡೂ ಇವೆ. ಕಿಟಕಿಗೆ ಅಂಟಿಸುವ ಹಾಳೆಯಂಥ ಆಂಟೆನಾದಲ್ಲಿ ಕೆಲವು ಚಾನೆಲ್ ಬಂದು ಕೆಲವು ಬಾರದಿರಲು ಇದೂ ಒಂದು ಕಾರಣ. ನಿಮ್ಮೂರಿನ ಕೇಂದ್ರಗಳು ಯಾವ ಪಟ್ಟಿಯಲ್ಲಿವೆ, ಎಲ್ಲಿವೆ ಎಂಬುದನ್ನು ಎಫ್‌ಸಿಸಿ ಜಾಲತಾಣದ ನಕ್ಷೆ ತೋರಿಸುತ್ತದೆ.

ಎರಡನೆಯದು ದಿಕ್ಕು. ಗೋಪುರಗಳೆಲ್ಲ ಒಂದೇ ಕಡೆ ಇದ್ದರೆ ಯಾಗಿ ಒಳ್ಳೆಯದು. ಬೇರೆ ಬೇರೆ ಕಡೆ ಇದ್ದು ಹತ್ತಿರವಿದ್ದರೆ ಎಲ್ಲ ಕಡೆಯಿಂದ ಹಿಡಿಯುವಂಥದು ನಡೆಯುತ್ತದೆ. ಬ್ರಿಟನ್ನಿನಲ್ಲಿರುವವರು ಇನ್ನೊಂದನ್ನು ಗಮನಿಸಿ. ಅಲ್ಲಿನ ಕೆಲವು ಸಣ್ಣ ಕೇಂದ್ರಗಳಿಗೆ ಕಡ್ಡಿಗಳನ್ನು ಮಲಗಿಸದೆ ನಿಲ್ಲಿಸಬೇಕು. ಪಕ್ಕದ ಮನೆಯವರದನ್ನು ನೋಡಿದರೆ ತಿಳಿಯುತ್ತದೆ, ನಮ್ಮ ಓಣಿಯ ಹಾಗೆ.

ಮೂರನೆಯದು ಎತ್ತರ. ಭೂಮಿ ದುಂಡಗಿದೆ. ಹತ್ತು ಮೀಟರ್ ಎತ್ತರದ ಆಂಟೆನಾದ ದಿಗಂತ ಸುಮಾರು 13 ಕಿಲೋಮೀಟರ್. 150 ಮೀಟರ್ ಗೋಪುರದ್ದು ಸುಮಾರು 50. ಎರಡೂ ಕೂಡಿ 63. ಅದರಾಚೆ ಸಿಕ್ಕರೆ ಪುಣ್ಯ. ಮನೆಯೊಳಗೆ ಇಡುವುದಾದರೆ ಗೋಪುರದ ಕಡೆಯ ಕಿಟಕಿ, ಮೇಲಿನ ಮಹಡಿ. ಮಾಳಿಗೆಯಾದರೆ ಕಂಬಕ್ಕೆ ಅರ್ಥಿಂಗ್ ಮರೆಯಬೇಡಿ. ಸಮುದ್ರದ ಹತ್ತಿರ ಇರುವವರು ತಂತಿ ಸೇರುವ ಜಾಗಕ್ಕೆ ಉಪ್ಪುಗಾಳಿ ತಾಗದಂತೆ ಮುಚ್ಚಿ.

ನಾಲ್ಕನೆಯದು ಬೂಸ್ಟರ್. ಅದು ಇಲ್ಲದ ಸಿಗ್ನಲ್ಲನ್ನು ಹುಟ್ಟಿಸುವುದಿಲ್ಲ. ಬಂದದ್ದನ್ನು ಗದ್ದಲದ ಸಮೇತ ದೊಡ್ಡದು ಮಾಡುತ್ತದೆ. ಹಾಕುವುದಾದರೆ ಟಿವಿಯ ಹಿಂದೆ ಅಲ್ಲ, ಆಂಟೆನಾದ ಹತ್ತಿರ. ಹಳೆಯ ಟಿವಿಯಲ್ಲಿ ಸಿಗ್ನಲ್ ಕುಗ್ಗಿದರೆ ಅಕ್ಕಿ ಕಾಳಿನ ನಡುವೆಯಾದರೂ ರಾಮ ಕಾಣುತ್ತಿದ್ದ. ಡಿಜಿಟಲ್‌ನಲ್ಲಿ ಹಾಗಿಲ್ಲ. ಒಂದು ಮಟ್ಟದವರೆಗೆ ಚಿತ್ರ ಅಚ್ಚುಕಟ್ಟು, ಅದಕ್ಕಿಂತ ಕುಗ್ಗಿದರೆ ತುಂಡು ತುಂಡಾಗಿ ಪರದೆ ಕಪ್ಪು.

ಮೊಬೈಲಿನಲ್ಲೇ ಎಲ್ಲ ಬರುವಾಗ ಇದೆಲ್ಲ ಯಾಕೆ ಎನ್ನುವವರಿಗೆ 2021ರ ಅಕ್ಟೋಬರ್ ತಿಂಗಳ ಎರಡು ಸಂಗತಿ ಹೇಳಿ ಮುಗಿಸುತ್ತೇನೆ.

ಆ ತಿಂಗಳ 3ರಂದು ಶಾಹೀನ್ ಚಂಡಮಾರುತ ನಮ್ಮ ಬಾತಿನಾ ಕರಾವಳಿಗೇ ಅಪ್ಪಳಿಸಿತು. ಹೆಚ್ಚು ಪೆಟ್ಟು ತಿಂದದ್ದು ಸುವೈಕ್ ಮತ್ತು ಖಾಬೂರಾ. ಮನೆಗಳಿಗೆ ನೀರು ನುಗ್ಗಿತು, ಕರೆಂಟು ಹೋಯಿತು, ಫೋನ್ ಸಂಪರ್ಕ ಕಡಿಯಿತು. ಮರುದಿನಗಳಲ್ಲಿ ಸ್ವಯಂಸೇವಕರ ಜೊತೆ ಮನೆಮನೆಗೆ ನೀರು, ಬ್ರೆಡ್ಡು, ಹೊದಿಕೆ ಹಂಚುವಾಗ ಜನ ಕೇಳುತ್ತಿದ್ದ ಮೊದಲ ಪ್ರಶ್ನೆ "ಊಟ ಇದೆಯಾ" ಎಂದಲ್ಲ, "ಏನು ಸುದ್ದಿ" ಎಂದು. ಒಂದೆರಡು ಡಿಗ್ರಿ ಸರಿದ ಡಿಶ್ ಏನನ್ನೂ ಹಿಡಿಯುವುದಿಲ್ಲ. ಕಾರಿನ ರೇಡಿಯೋ ಮಾತ್ರ ಗಾಳಿಯಿಂದ ನೇರ ಹಿಡಿದು ಮಾತಾಡುತ್ತಿತ್ತು. ನೆಲದ ಗೋಪುರದ ಪ್ರಸಾರದ ಗುಣ ಅದು. ಸಾವಿರ ಮನೆಯವರು ಒಟ್ಟಿಗೆ ಕೇಳಿದರೂ ಅದು ಜಾಮ್ ಆಗುವುದಿಲ್ಲ. ಕಾರಿನ ಬ್ಯಾಟರಿಗೆ ಹಾಕಿದ ಪುಟ್ಟ ಟಿವಿಗೂ ಅದು ಸಾಕು. ಯಾಗಿ ಹತ್ತು ಡಿಗ್ರಿ ಅತ್ತಿತ್ತ ಸರಿದರೂ ಬಹುಮಟ್ಟಿಗೆ ಕೆಲಸ ಮಾಡುತ್ತದೆ.

ಅದೇ ತಿಂಗಳು ಕಲಬುರಗಿ ದೂರದರ್ಶನ ಕೇಂದ್ರ ಮುಚ್ಚುತ್ತದಂತೆ ಎಂಬ ಸುದ್ದಿ ಹಬ್ಬಿತು. ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಕೇಂದ್ರ ಮುಚ್ಚುವುದಿಲ್ಲ, ಅಲ್ಲಿ ತಯಾರಾದ ಕಾರ್ಯಕ್ರಮ ಉಪಗ್ರಹ ಚಾನೆಲ್ಲಿನಲ್ಲಿ ಬರುತ್ತದೆ, ನಿಲ್ಲುವುದು ಹಳೆಯ ಅನಲಾಗ್ ಪ್ರಸಾರ ಮಾತ್ರ ಎಂದು. 2022ರ ಮಾರ್ಚ್ ಒಳಗೆ ಆಯಕಟ್ಟಿನ ಸುಮಾರು 50 ಕೇಂದ್ರಗಳನ್ನು ಬಿಟ್ಟು ದೇಶದ ಉಳಿದೆಲ್ಲ ಅನಲಾಗ್ ಪ್ರಸಾರ ನಿಲ್ಲಿಸುವ ಯೋಜನೆ ಅದು. ಹಳೆಯ ಯಂತ್ರಕ್ಕೆ ವಿದ್ಯುತ್ತು, ತರಂಗ ಎರಡೂ ದಂಡ ಎಂಬ ವಾದದಲ್ಲಿ ತಪ್ಪಿಲ್ಲ. ಆದರೆ ಅದರ ಜಾಗಕ್ಕೆ ಬರಬೇಕಾಗಿದ್ದ ಡಿಜಿಟಲ್ ಗಾಳಿಪ್ರಸಾರ 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಶುರುವಾಯಿತು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಒಂದೇ. 1975ರಲ್ಲಿ ಹಳ್ಳಿಯಿಂದ ಶುರುವಾದದ್ದು ಈ ಸಲ ರಾಜಧಾನಿಯಿಂದ ಶುರುವಾಯಿತು.

ಆದ್ದರಿಂದ ಕೇಳುಗರೇ, ನೀವಿರುವ ದೇಶದಲ್ಲಿ ಗಾಳಿಯಲ್ಲಿ ಪುಕ್ಕಟೆ ಪ್ರಸಾರ ಇನ್ನೂ ಇದ್ದರೆ ಒಂದು ಸಣ್ಣ ಆಂಟೆನಾ ಇಟ್ಟುಕೊಳ್ಳಿ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ, ಗೋಪುರ ಯಾವ ದಿಕ್ಕಿಗಿದೆ ಎಂದು ಅವರ ಕೈಯಿಂದಲೇ ತಿರುಗಿಸಿ ನೋಡಿಸಿ. ಬಿರುಗಾಳಿ ಬಂದ ದಿನ ಆ ಅರಿವು ಮನೆಯಲ್ಲಿ ಒಬ್ಬರಿಗಾದರೂ ಇರಲಿ.