ಒಂದು ದೊಡ್ಡ ಸಂಖ್ಯೆಯ ಕುಲವಿಚಾರ

ಎರಡೆಂಬ ಅಂಕವನ್ನು ಅರವತ್ತೇಳು ಸಲ ಬರೆದು, ಅವೆಲ್ಲವನ್ನೂ ಒಂದರೊಡನೊಂದು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದರೆ ೧೪,೭೫,೭೩,೯೫,೨೫,೮೯,೬೭,೬೪,೧೨,೯೨೭ ಎಂಬ ಇಪ್ಪತ್ತೊಂದು ಸ್ಥಾನಗಳ ಸಂಖ್ಯೆಯು ದೊರೆಯುವುದು. ಇಷ್ಟು ಸ್ಥಾನಗಳನ್ನು ಹೆಸರಿಸುವುದು ನಮ್ಮವರಿಗೆ ಹೊಸದಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿರುವನು. ಆದರೆ ಸಂಖ್ಯೆಯನ್ನು ಹೆಸರಿಸುವುದು ಬೇರೆ, ಅದರ ಕುಲವನ್ನು ಗೊತ್ತುಮಾಡುವುದು ಬೇರೆ. ಇದು ಅವಿಭಾಜ್ಯವೋ, ಅಥವಾ ಚಿಕ್ಕ ಸಂಖ್ಯೆಗಳ ಗುಣಲಬ್ಧವೋ? ಈ ಪ್ರಶ್ನೆಯ ಚರಿತ್ರೆಯನ್ನು ಈಗ ವಿಚಾರಿಸೋಣ.

ಇಂಥ ಸಂಖ್ಯೆಗಳಲ್ಲಿ ವಿದ್ವಾಂಸರಿಗೆ ಆದರ ಹುಟ್ಟಲು ಕಾರಣವುಂಟು. ೬ ಎಂಬುದು ತನ್ನ ಭಾಜಕಗಳಾದ ೧, ೨, ೩ ಇವುಗಳ ಮೊತ್ತಕ್ಕೆ ಸಮ. ೧, ೨, ೪, ೭, ೧೪ ಇವುಗಳ ಮೊತ್ತವಾದ ೨೮ ಸಹ ಹಾಗೆಯೇ. ಇವನ್ನು ಪರಿಪೂರ್ಣ ಸಂಖ್ಯೆಗಳೆನ್ನುವರು. ಎರಡರ ಘಾತದಲ್ಲಿ ಒಂದನ್ನು ಕಳೆದಾಗ ಅವಿಭಾಜ್ಯ ಸಂಖ್ಯೆಯು ಬಂದರೆ, ಅದರಿಂದ ಒಂದು ಪರಿಪೂರ್ಣ ಸಂಖ್ಯೆಯನ್ನು ಪಡೆಯಬಹುದೆಂದು ಯೂಕ್ಲಿಡನು ಸಾಧಿಸಿದನು.

೧೬೪೪ರಲ್ಲಿ ಪ್ಯಾರಿಸಿನ ಸಂನ್ಯಾಸಿ ಮರ್ಸೆನ್ನನು ಅಂಥ ಘಾತಗಳ ಪಟ್ಟಿಯನ್ನು ೨೫೭ರವರೆಗೆ ಪ್ರಕಟಿಸಿದನು. ಅದರಲ್ಲಿ ೬೭ ಸೇರಿದ್ದಿತು. ಸಾಧನೆಯನ್ನು ಮಾತ್ರ ಅವನು ಕೊಡಲಿಲ್ಲ. ಆದರೂ ೬೭ರ ವಿಷಯದಲ್ಲಿ ಅವನ ಮಾತು ೨೩೨ ವರ್ಷ ಅಳಿಯದೆ ನಿಂತಿತು. ೧೮೭೬ರಲ್ಲಿ ಫ್ರಾನ್ಸಿನ ಲ್ಯೂಕಾನು ತಾನು ಕಂಡುಹಿಡಿದ ಹೊಸ ಪರೀಕ್ಷೆಯಿಂದ ಈ ಸಂಖ್ಯೆಯು ಅವಿಭಾಜ್ಯವಲ್ಲವೆಂದು ತೋರಿಸಿದನು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು: ಸಂಖ್ಯೆಯು ಒಡೆಯುವುದೆಂಬುದು ನಿಶ್ಚಯವಾಯಿತು, ಎಲ್ಲಿ ಒಡೆಯುವುದೆಂಬುದು ತಿಳಿಯಲಿಲ್ಲ.

ಹುಡುಕುವ ಕೆಲಸವಾದರೂ ಸಾಮಾನ್ಯವಲ್ಲ. ಇದರ ಯಾವ ಅವಿಭಾಜ್ಯ ಭಾಜಕವನ್ನಾಗಲಿ ೧೩೪ರಿಂದ ಭಾಗಿಸಿದರೆ ೧ ಉಳಿಯಲೇಬೇಕು. ಈ ನಿಯಮವು ಹುಡುಕಾಟವನ್ನು ಬಹಳ ಮಟ್ಟಿಗೆ ಕುಗ್ಗಿಸುವುದು. ಆದರೂ ಮೊದಲನೆಯ ಭಾಜಕವನ್ನು ಮುಟ್ಟುವುದರೊಳಗೆ ಅಂಥ ಶೇಷವುಳ್ಳ ಸಂಖ್ಯೆಗಳೇ ಹದಿನಾಲ್ಕು ಲಕ್ಷಕ್ಕೂ ಹೆಚ್ಚು. ಗಣನಯಂತ್ರಗಳ ನೆರವಿಲ್ಲದ ಆ ದಿನಗಳಲ್ಲಿ ಬೇರೆ ಉಪಾಯಗಳು ಬೇಕಾದುವು.

೧೯೦೩ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಕೂಡಿದ ಅಮೆರಿಕದ ಗಣಿತಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲನು ಉತ್ತರವನ್ನು ಮುಂದಿಟ್ಟನು. ಅವನು ಒಂದು ಮಾತನ್ನೂ ಆಡದೆ ಹಲಗೆಯ ಒಂದು ಕಡೆ ಎರಡರ ಘಾತವನ್ನು ಗುಣಿಸಿ ಒಂದನ್ನು ಕಳೆದನೆಂದೂ, ಇನ್ನೊಂದು ಕಡೆ ೧೯,೩೭,೦೭,೭೨೧ನ್ನು ೭,೬೧,೮೩,೮೨,೫೭,೨೮೭ರಿಂದ ಗುಣಿಸಿದನೆಂದೂ, ಎರಡು ಲಬ್ಧಗಳೂ ಒಂದೇ ಆದಾಗ ಸಭೆಯು ಕರತಾಡನಮಾಡಿತೆಂದೂ ಹೇಳುವರು.

ಮುಂದೆ ಮರ್ಸೆನ್ನನ ಪಟ್ಟಿಯಲ್ಲಿ ೨೫೭ ಸಹ ತಪ್ಪೆಂದು ಗೊತ್ತಾಯಿತು. ೬೧, ೮೯, ೧೦೭ ಇವು ಬಿಟ್ಟುಹೋಗಿದ್ದುವು. ಲ್ಯೂಕಾನ ಪರೀಕ್ಷೆಯಾದರೋ ಸುಧಾರಿತ ರೂಪದಲ್ಲಿ ಬಾಳುತ್ತಿದೆ; ೨೦೨೪ರಲ್ಲಿ ದೊರೆತ, ನಾಲ್ಕು ಕೋಟಿಗೂ ಹೆಚ್ಚು ಅಂಕಗಳುಳ್ಳ ಅವಿಭಾಜ್ಯ ಸಂಖ್ಯೆಯನ್ನು ಸ್ಥಿರಪಡಿಸಿದುದು ಅದೇ.

ಹಿರಿಯರ ಮಾತನ್ನು ನಾವು ಗೌರವಿಸುವುದು ಯುಕ್ತವೇ. ಆದರೆ ಗಣಿತದಲ್ಲಿ ಹೇಳಿದವನ ಹಿರಿಮೆಯು ಸಾಧನೆಯ ಸ್ಥಾನವನ್ನು ಪಡೆಯಲಾರದು. ಹಲಗೆಯ ಮೇಲಿನ ಆ ಎರಡು ಲೆಕ್ಕಗಳನ್ನು ಗುಣಾಕಾರ ಬಲ್ಲ ಯಾವ ಬಾಲಕನಾದರೂ ಪರೀಕ್ಷಿಸಬಲ್ಲನು. ಅವುಗಳ ಬಲವೆಲ್ಲ ಅಲ್ಲಿಯೇ ಇರುವುದು.